ಮೀನಿನ ತೊಟ್ಟಿಯಲ್ಲಿ ಕಣಗಳ ಜಾಡು

ಪರಮಾಣುವಿನೊಳಗೆ ಏನಿದೆ ಎಂಬುದನ್ನು ನಮ್ಮ ಮಕ್ಕಳು ಕಪ್ಪುಹಲಗೆಯ ವೃತ್ತಗಳಿಂದ ಕಲಿಯುತ್ತಾರೆ. ಆ ವೃತ್ತಗಳನ್ನು ಬಾಯಿಪಾಠ ಮಾಡಿಸುವ ಮೊದಲು ಕಣಗಳ ಜಾಡನ್ನೇ ಒಮ್ಮೆ ತೋರಿಸಿಬಿಡಬೇಕು ಎಂಬುದು ನನ್ನ ಪಕ್ಷ. ದಸರಾ ರಜೆ ಅದಕ್ಕೆ ಹೇಳಿ ಮಾಡಿಸಿದ ಕಾಲ. ಕಟ್ಟಬೇಕಾದ ಉಪಕರಣದ ಹೆಸರು ಕ್ಲೌಡ್ ಚೇಂಬರ್.

ಸ್ಕಾಟ್ಲೆಂಡಿನ ಸಿ.ಟಿ.ಆರ್. ವಿಲ್ಸನ್ 1894ರಲ್ಲಿ ಬೆನ್ ನೆವಿಸ್ ಬೆಟ್ಟದ ನೆತ್ತಿಯಲ್ಲಿ ಮೋಡದ ಮೇಲೆ ಬಿಸಿಲು ಆಡುವುದನ್ನು ಕಂಡು, ಅದನ್ನು ಪ್ರಯೋಗಾಲಯದಲ್ಲಿ ತರಿಸಲು ಹೊರಟವರು. ಚಾಮುಂಡಿ ಬೆಟ್ಟದ ಮುಂಜಾನೆಯ ಮಂಜು ನೋಡಿದವರಿಗೆ ಆ ಹುಚ್ಚು ಅರ್ಥವಾದೀತು. 1911ರಲ್ಲಿ ಅವರ ಪೆಟ್ಟಿಗೆಯಲ್ಲಿ ಕಣಗಳು ಹಾದುಹೋದ ಗೆರೆಗಳೇ ಮೂಡಿದವು. 1927ರಲ್ಲಿ ನೊಬೆಲ್ ಬಂತು. ಅವರದು ಗಾಳಿಯನ್ನು ತಟ್ಟನೆ ಹಿಗ್ಗಿಸಿ ತಂಪು ಮಾಡುವ ಯಂತ್ರ. ಮನೆಗೆ ಅಷ್ಟು ಬೇಡ, ತಳವನ್ನು ತಣ್ಣಗಿಟ್ಟರೆ ಸಾಕು.

ಸಾಮಾನು

ಒಂದಡಿ ಉದ್ದದ ಗಾಜಿನ ಮೀನಿನ ತೊಟ್ಟಿ, ಅದರ ಬಾಯಿಗಿಂತ ತುಸು ದೊಡ್ಡದಾದ ಅಲ್ಯೂಮಿನಿಯಂ ತಟ್ಟೆ, ದಪ್ಪ ಫೆಲ್ಟ್ ಬಟ್ಟೆ, ಜೇಡಿಮಣ್ಣು, ಪ್ರಖರವಾದ ಟಾರ್ಚ್. ಐಸೊಪ್ರೊಪೈಲ್ ಆಲ್ಕೋಹಾಲ್ ಶೇ 99ರಷ್ಟು ಶುದ್ಧವಾಗಿರಬೇಕು. ಪ್ರಯೋಗಾಲಯದ ರಾಸಾಯನಿಕ ಮಾರುವವರಲ್ಲಿ ಕೇಳಿ. ಕೊರೊನಾ ಕಾಲದಿಂದ ಉಳಿದ ಸ್ಯಾನಿಟೈಸರ್ ಇದಕ್ಕೆ ಬಾರದು, ಅದರಲ್ಲಿ ನೀರಿನಂಶ ಹೆಚ್ಚು. ಡ್ರೈ ಐಸ್, ಅಂದರೆ ಗಟ್ಟಿಗಟ್ಟಿದ ಇಂಗಾಲದ ಡೈಆಕ್ಸೈಡ್, ಬೇಕಿದ್ದರೆ ಮದುವೆ ಮನೆಗಳಲ್ಲಿ ವಧೂವರರ ಕಾಲಡಿ ಬಿಳಿ ಹೊಗೆ ಎಬ್ಬಿಸುತ್ತಾರಲ್ಲ, ಅವರನ್ನು ವಿಚಾರಿಸಿ. ಮಂಡ್ಯದವರು ಮೈಸೂರಿನಿಂದ ಕಾರಿನಲ್ಲಿ ಒಯ್ಯುವುದಾದರೆ ಕಿಟಕಿ ತೆರೆದಿರಲಿ. ಅದು ಕರಗುವುದಿಲ್ಲ, ನೇರವಾಗಿ ಇಂಗಾಲದ ಡೈಆಕ್ಸೈಡ್ ಅನಿಲವಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತುಂಬಿದರೆ ಡಬ್ಬಿಯೇ ಸಿಡಿದೀತು.

ಕಟ್ಟುವುದು

ತಟ್ಟೆಯ ಮೇಲ್ಮೈಗೆ ಕಪ್ಪು ಬಣ್ಣ ಬಳಿದು ಒಣಗಿಸಿ. ಫೆಲ್ಟನ್ನು ತೊಟ್ಟಿಯ ಒಳತಳಕ್ಕೆ ಕ್ಲಿಪ್ ಅಥವಾ ದಾರದಿಂದ ಭದ್ರಪಡಿಸಿ. ಅಂಟನ್ನು ಆಲ್ಕೋಹಾಲ್ ಬಿಡಿಸಿಬಿಡುತ್ತದೆ. ಬಟ್ಟೆ ಚೆನ್ನಾಗಿ ನೆನೆಯುವಷ್ಟು ಆಲ್ಕೋಹಾಲ್ ಸುರಿದು, ತೊಟ್ಟಿಯನ್ನು ತಟ್ಟೆಯ ಮೇಲೆ ಬೋರಲು ಹಾಕಿ, ಅಂಚಿನ ಸುತ್ತ ಜೇಡಿಮಣ್ಣು ಮೆತ್ತಿ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಡ್ರೈ ಐಸ್ ಹರಡಿ ಇದನ್ನು ಅದರ ಮೇಲೆ ಮಟ್ಟಸವಾಗಿ ಕೂರಿಸಿ. ದಪ್ಪ ಕೈಗವಸು ಕಡ್ಡಾಯ: ಡ್ರೈ ಐಸಿನ ಉಷ್ಣಾಂಶ ಮೈನಸ್ 78 ಡಿಗ್ರಿ, ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟಂತಾಗುತ್ತದೆ. ಆಲ್ಕೋಹಾಲ್ ಬಾಟಲಿ ತೆರೆಯುವ ಮುಂಚೆಯೇ ದೇವರ ಮುಂದಿನ ದೀಪ, ಊದುಬತ್ತಿಯನ್ನೂ ಆರಿಸಿಬಿಡಿ. ಫ್ಯಾನ್ ನಿಲ್ಲಿಸಿ, ಕಿಟಕಿ ತೆರೆದಿಡಿ.

ಇನ್ನು ಕೋಣೆ ಕತ್ತಲು ಮಾಡಿ, ಟಾರ್ಚನ್ನು ಪಕ್ಕದಿಂದ ತಟ್ಟೆಯ ಮಟ್ಟಕ್ಕೇ ಹಿಡಿಯಿರಿ. ಮೊದಲು ಸೋನೆಯಂತೆ ಸಣ್ಣ ಹನಿಗಳು ಉದುರುತ್ತವೆ. ಹತ್ತು ಹದಿನೈದು ನಿಮಿಷ ಕಾಯಬೇಕು. ತಟ್ಟೆಗೆ ಒಂದೆರಡು ಸೆಂಟಿಮೀಟರ್ ಮೇಲಿನ ಆವಿ ಹನಿಯಾಗಲು ನೆಪವೊಂದಕ್ಕಾಗಿ ಕಾಯುತ್ತಿರುತ್ತದೆ. ಆ ಪದರದಲ್ಲಿ ವಿದ್ಯುದಂಶವಿರುವ ಕಣವೊಂದು ನುಗ್ಗಿದರೆ ದಾರಿಯಲ್ಲಿ ಸಿಕ್ಕ ಗಾಳಿಯ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತದೆ. ಹೀಗೆ ಎಲೆಕ್ಟ್ರಾನ್ ಕಳೆದುಕೊಂಡು ಉಳಿದ ಅಯಾನುಗಳ ಸುತ್ತ ಆವಿ ಹನಿಗಟ್ಟುತ್ತದೆ. ಫಕ್ಕನೆ ಒಂದು ಬಿಳಿ ಗೆರೆ ಮೂಡಿ, ಕ್ಷಣದಲ್ಲಿ ಕದಡಿ, ಕೆಳಗಿಳಿದು ಮಾಯವಾಗುತ್ತದೆ.

ಗೆರೆಗಳೇ ಕಾಣದಿದ್ದರೆ ಹೆಚ್ಚಿನಂಶ ಅಂಚಿನಲ್ಲಿ ಗಾಳಿ ಸೋರುತ್ತಿರುತ್ತದೆ, ಇಲ್ಲವೇ ತಟ್ಟೆ ಡ್ರೈ ಐಸಿಗೆ ಸರಿಯಾಗಿ ತಾಗಿರುವುದಿಲ್ಲ.

ಗೆರೆ ಓದುವುದು

ದಪ್ಪಗೆ, ಮೋಟಾಗಿ, ಕೆಲವೇ ಸೆಂಟಿಮೀಟರ್ ಓಡಿ ನಿಂತದ್ದು ಆಲ್ಫಾ ಕಣ: ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಹೀಲಿಯಂ ನ್ಯೂಕ್ಲಿಯಸ್. ಗಾಳಿಯಲ್ಲಿ ಬೆರೆತ ರೇಡಾನ್ ಎಂಬ ವಿಕಿರಣಶೀಲ ಅನಿಲದಿಂದ ಇದು ಬರುತ್ತದೆ. ಗ್ರಾನೈಟ್ ಹಾಸಿನ ನಮ್ಮ ಸೀಮೆಯ ನೆಲದಲ್ಲಿ ಅದಕ್ಕೆ ಬರವಿಲ್ಲ. ಇಂಥವೇ ಕಣಗಳನ್ನು ಚಿನ್ನದ ತೆಳು ಹಾಳೆಗೆ ಹಾಯಿಸಿದಾಗ ಕೆಲವು ಪುಟಿದು ಹಿಂದಿರುಗಿದ್ದರಿಂದಲೇ ರದರ್‌ಫರ್ಡ್, ಅದೇ 1911ರಲ್ಲಿ, ಪರಮಾಣುವಿನ ತೂಕವೆಲ್ಲ ನಡುವಿನ ಪುಟ್ಟ ನ್ಯೂಕ್ಲಿಯಸ್‌ನಲ್ಲಿದೆ ಎಂದು ವಾದಿಸಿದ್ದು. ತೆಳ್ಳಗೆ, ಕುಡುಕನಂತೆ ಅತ್ತಿತ್ತ ವಾಲುತ್ತ ಸಾಗುವುದು ಎಲೆಕ್ಟ್ರಾನ್. ಹಗುರ ಜೀವ, ಎದುರಿಗೆ ಬಂದ ಪ್ರತಿ ಪರಮಾಣುವೂ ಅದನ್ನು ದೂಡುತ್ತದೆ.

ಸೂತ್ರ ಹಿಡಿದಂತೆ ನೆಟ್ಟಗೆ, ತೆಳ್ಳಗೆ, ಉದ್ದಕ್ಕೆ ಹೋದದ್ದು ಬಹುಮಟ್ಟಿಗೆ ಮ್ಯುಯಾನ್. ಎಲೆಕ್ಟ್ರಾನಿಗಿಂತ 207 ಪಟ್ಟು ಭಾರದ ಈ ಕಣ ಯಾವ ಮಾಮೂಲಿ ಪರಮಾಣುವಿನಲ್ಲೂ ಇರುವುದಿಲ್ಲ. 1936ರಲ್ಲಿ ಆಂಡರ್ಸನ್ ಮತ್ತು ನೆಡರ್‌ಮೇಯರ್ ಅದನ್ನು ಗುರುತಿಸಿದ್ದೂ ಕ್ಲೌಡ್ ಚೇಂಬರಿನಲ್ಲೇ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಹುಟ್ಟುವ ಇದರ ಸರಾಸರಿ ಆಯುಷ್ಯ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 2.2 ಭಾಗ. ಆ ಲೆಕ್ಕದಲ್ಲಿ ಬೆಳಕಿನ ವೇಗದಲ್ಲಿ ಓಡಿದರೂ ಮುಕ್ಕಾಲು ಕಿಲೋಮೀಟರ್ ದಾಟಬಾರದು. ಆದರೂ ನಿಮ್ಮ ತೊಟ್ಟಿಯವರೆಗೆ ಬರುತ್ತದೆ, ಏಕೆಂದರೆ ಅಷ್ಟು ವೇಗದಲ್ಲಿ ಓಡುವ ಕಣದ ಗಡಿಯಾರ ನಮಗೆ ನಿಧಾನವಾಗಿ ಕಾಣುತ್ತದೆ ಎಂಬ ಐನ್‌ಸ್ಟೈನರ ಮಾತು ನಿಜ. ನೆಲಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೊಂದರಂತೆ ಇವು ಸುರಿಯುತ್ತಲೇ ಇರುತ್ತವೆ. ಈ ಕಾಟ ತಪ್ಪಿಸಿಕೊಳ್ಳಲೆಂದೇ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳಕ್ಕಿಳಿದು 1965ರಲ್ಲಿ, ಯಾವುದನ್ನೂ ಹೆಚ್ಚುಕಡಿಮೆ ತಾಗದೆ ಹಾದುಹೋಗುವ ನ್ಯೂಟ್ರಿನೊ ಕಣಗಳ ಗುರುತು ಹಿಡಿದದ್ದು.

ಬಾಳೆಹಣ್ಣಿನಲ್ಲಿ ವಿಕಿರಣ ಸೂಸುವ ಪೊಟ್ಯಾಸಿಯಂ ಇದೆಯೆಂದು ನಂಜನಗೂಡು ರಸಬಾಳೆಯನ್ನು ಒಳಗಿಡಲು ಹೋಗಬೇಡಿ. ಹೊರಬರುವುದು ತೀರಾ ಕಡಿಮೆ, ಹಣ್ಣು ದಂಡ. ಅದರ ಬದಲು ಊದಿದ ಬಲೂನನ್ನು ತಲೆಗೂದಲಿಗೆ ಉಜ್ಜಿ, ಗಾಳಿಯಾಡದ ನೆಲಮಾಳಿಗೆಯಲ್ಲಿ ಅರ್ಧ ಗಂಟೆ ತೂಗುಹಾಕಿ. ರೇಡಾನಿನಿಂದ ಹುಟ್ಟಿದ ವಿಕಿರಣಶೀಲ ಪರಮಾಣುಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಗಾಳಿ ಬಿಟ್ಟು, ಸುಕ್ಕಾದ ಬಲೂನನ್ನು ತಟ್ಟೆಯ ಮೇಲಿಟ್ಟು ಮತ್ತೆ ಮುಚ್ಚಿ. ದಪ್ಪ ಗೆರೆಗಳು ಅದರಿಂದ ಚಿಮ್ಮತೊಡಗುತ್ತವೆ. ಗಂಟೆ ಎರಡು ಗಂಟೆಯಲ್ಲಿ ಆ ಚಟುವಟಿಕೆ ತಗ್ಗುತ್ತದೆ.

ಮಿಕ್ಕ ಡ್ರೈ ಐಸನ್ನು ಸಿಂಕಿಗೆ ಸುರಿಯಬೇಡಿ, ಪೈಪು ಬಿರುಕು ಬಿಡುತ್ತದೆ. ಮಕ್ಕಳ ಕೈಗೆಟುಕದಂತೆ ತಾರಸಿಯ ಮೇಲೆ ಬಿಟ್ಟರೆ ತಾನೇ ಆವಿಯಾಗಿ ಹೋಗುತ್ತದೆ.