ಕಕ್ಕಡ ತಿಂಗಳ ಮಳೆಯಲ್ಲಿ ಕಣಿಲೆ, ಕೆಸು, ಮದ್ದು ಸೊಪ್ಪು: ತಂದು, ತೊಳೆದು, ತಿನ್ನುವ ಬಗೆ

ಮಳೆ ಗಟ್ಟಿಯಾಗಿ ಹಿಡಿದ ಮೇಲೆ ಕೊಡಗಿನಲ್ಲಿ ತಿನ್ನೋಕೆ ಏನೂ ಸಿಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಇಲ್ಲಿ ಸಿಗುವ ರುಚಿ ಬೇರೆ ತಿಂಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ಆದರೆ ಇವು ಟೊಮೆಟೊ, ಬೀನ್ಸ್ ತರಹ ತಂದ ಕೂಡಲೇ ಒಲೆಗೆ ಏರಿಸುವಂಥವಲ್ಲ. ಕಣಿಲೆಯಲ್ಲಿ ವಿಷದ ಅಂಶ ಇರುತ್ತದೆ, ಕೆಸು ಗಂಟಲು ಕೆರೆಯುತ್ತದೆ, ಮದ್ದು ಸೊಪ್ಪಿಗೆ ಅದರದೇ ದಿನ ಬರಬೇಕು. ಆತುರ ಇರುವವರು ಈ ಅಡುಗೆಗೆ ಕೈ ಹಾಕಬೇಡಿ.

ಮೊದಲು ಕಣಿಲೆ. ಕೊಡವರ ಭಾಷೆ ಕೊಡವ ತಕ್‌ನಲ್ಲಿ ಬೈಂಬಳೆ. ಮಳೆ ಬಿದ್ದ ಮೇಲೆ ಬಿದಿರಿನ ಬುಡದಲ್ಲಿ ಮೊಳೆಯುವ ಎಳೆ ಚಿಗುರು. ಸ್ವಂತ ತೋಟದಲ್ಲಿ ಬಿದಿರಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಅಕ್ಕಪಕ್ಕದ ತೋಟದವರನ್ನು ಕೇಳಿ. ಮೀಸಲು ಅರಣ್ಯಕ್ಕೆ ಹೋಗಿ ಕಡಿಯುವುದು ಅಪರಾಧ. ಅಲ್ಲದೆ ಆನೆಗೂ ಕಣಿಲೆ ಅಂದರೆ ಪ್ರಾಣ, ಮಳೆ ಮಂಜಿನಲ್ಲಿ ಅದು ಎದುರಿಗೆ ಬಂದು ನಿಲ್ಲುವವರೆಗೂ ಕಾಣುವುದಿಲ್ಲ.

ಹೊರಗಿನ ಸಿಪ್ಪೆಯ ಮೇಲೆ ಸಣ್ಣ ರೋಮ ಇರುತ್ತದೆ, ಕೈಗೆ ತಾಗಿದರೆ ತುರಿಸುತ್ತದೆ. ಹಾಗಾಗಿ ಕೈಗೆ ಬಟ್ಟೆ ಸುತ್ತಿಕೊಂಡು ಒಂದೊಂದೇ ಪದರ ಬಿಡಿಸಿ. ಒಳಗೆ ಬೆಳ್ಳಗಿನ, ಉಗುರು ಸಲೀಸಾಗಿ ಇಳಿಯುವ ಭಾಗ ಮಾತ್ರ ಬೇಕು. ಬುಡ ನಾರಾಗಿದ್ದರೆ ಬಿಸಾಕಿ, ಆಸೆ ಮಾಡಬೇಡಿ. ಸಣ್ಣಗೆ ಹೆಚ್ಚಿ, ಮುಳುಗುವಷ್ಟು ನೀರು ಹಾಕಿ ಎರಡು ಮೂರು ದಿನ ನೆನೆಸಿಡಿ. ದಿನಾ ನೀರು ಬದಲಿಸಲೇಬೇಕು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ನೆನೆಸಿ ಬೇಯಿಸಿದಾಗ ಅದು ಬಹುಪಾಲು ಹೋಗುತ್ತದೆ. ಎರಡನೇ ದಿನ ಒಂದು ಹುಳಿ ವಾಸನೆ ಏಳುತ್ತದೆ. ಹೊಸಬರು ಹಾಳಾಯ್ತು ಅಂದುಕೊಳ್ಳುತ್ತಾರೆ, ಹಾಳಾಗಿಲ್ಲ, ಕಣಿಲೆ ಇರುವುದೇ ಹಾಗೆ. ಆಮೇಲೆ ಮುಚ್ಚಳ ತೆಗೆದು ಇಪ್ಪತ್ತು ನಿಮಿಷ ಕುದಿಸಿ ಆ ನೀರನ್ನೂ ಚೆಲ್ಲಿ.

ಇಷ್ಟಾದ ಮೇಲೆ ಕರಿ ಸುಲಭ. ಎರಡು ಕಪ್ ಕಣಿಲೆಗೆ ಒಂದು ಕಪ್ ತೆಂಗಿನ ತುರಿ, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ನಾಲ್ಕು ಎಸಳು ಬೆಳ್ಳುಳ್ಳಿ ಸೇರಿಸಿ ನುಣ್ಣಗೆ ರುಬ್ಬಿ. ಸಾಸಿವೆ, ಕರಿಬೇವು ಒಗ್ಗರಣೆಗೆ ಈರುಳ್ಳಿ, ಹಸಿಮೆಣಸು ಹಾಕಿ ಬಾಡಿಸಿ. ಅರಿಶಿನ, ಖಾರದ ಪುಡಿ, ಉಪ್ಪು, ಕಣಿಲೆ ಸೇರಿಸಿ ಚೆನ್ನಾಗಿ ಹುರಿದ ಮೇಲೆ ರುಬ್ಬಿದ್ದನ್ನು ಹಾಕಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬಿಡಿ. ನೀರು ನೀರಾಗಿ ಮಾಡಬೇಡಿ. ಬಿಸಿ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಜೊತೆಗೆ ತಿನ್ನಿ. ಅನ್ನಕ್ಕೆ ಹಾಕಿಕೊಂಡರೆ ತಪ್ಪೇನಿಲ್ಲ, ಆದರೆ ನನ್ನ ಪ್ರಕಾರ ಒಟ್ಟಿಯೇ ಸರಿ.

ಕೆಸುವಿಗೆ ಹುಳಿ ಬೇಕು, ಅಷ್ಟೇ ಗುಟ್ಟು. ಹೆಚ್ಚುವ ಮೊದಲು ಕೈಗೆ ಎಣ್ಣೆ ಹಚ್ಚಿಕೊಳ್ಳಿ, ಬೇಯುವಾಗ ಹುಣಸೆ ರಸ ಧಾರಾಳವಾಗಿ ಹಾಕಿ. ಮರದ ಮೇಲೆ ಪಾಚಿಯ ಜೊತೆ ಬೆಳೆಯುವ ಮರಕೆಸು ಸಿಕ್ಕಿದರೆ ಪತ್ರೊಡೆ ಮಾಡಿ.

ಅಣಬೆ ಬಗ್ಗೆ ಒಂದೇ ಮಾತು: ಗೊತ್ತಿರುವವರು ನೋಡಿ ಹೌದು ಅನ್ನದೆ ತಿನ್ನಬೇಡಿ. ಬೆಳ್ಳಿ ನಾಣ್ಯ ಹಾಕಿ ನೋಡುವುದು, ಬೆಳ್ಳುಳ್ಳಿ ಕಪ್ಪಾಗುತ್ತಾ ಅಂತ ನೋಡುವುದು, ಇವನ್ನೆಲ್ಲ ನಂಬೋಕೆ ಆಗಲ್ಲ.

ಈಗ ಮದ್ದು ಸೊಪ್ಪು. ಕಕ್ಕಡ ತಿಂಗಳು ಜುಲೈ ನಡುವೆ ಶುರುವಾಗಿ, ಅದರ 18ನೇ ದಿನ ಆಗಸ್ಟ್ 3ಕ್ಕೆ ಬರುತ್ತದೆ. ಅವತ್ತು ಈ ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಅನ್ನುವುದು ನಮ್ಮವರ ನಂಬಿಕೆ. ಅದರ ರಸದಲ್ಲಿ ಪಾಯಸ ಮಾಡುತ್ತಾರೆ, ಅರೆಭಾಷೆ ಮಾತಾಡುವವರ ಮನೆಗಳಲ್ಲಿ ಇದೇ ಆಟಿ ಪಾಯಸ. ಗದ್ದೆ ನಾಟಿಯಲ್ಲಿ ನೆನೆದು ಮೈ ತಣ್ಣಗಾದವರಿಗೆ ಬಿಸಿ ಪಾಯಸ ಎಷ್ಟು ಹಿತ ಅಂತ ಕುಡಿದವರಿಗೇ ಗೊತ್ತು.

ಬೇಲಿ ಬದಿಯಲ್ಲಿ ಬೆಳೆದಿದ್ದರೆ ಅಲ್ಲಿಂದಲೇ ತನ್ನಿ, ಇಲ್ಲವಾದರೆ ಆಗಸ್ಟ್ 3ಕ್ಕೂ ಮೊದಲಿನ ಮಡಿಕೇರಿ ಶುಕ್ರವಾರದ ಸಂತೆಯಲ್ಲಿ ವಿಚಾರಿಸಿ. ಗಿಡ ಸರಿಯಾಗಿ ಗೊತ್ತಿಲ್ಲದಿದ್ದರೆ ಹಿರಿಯರಿಗೆ ತೋರಿಸಿ. ಎಲೆ, ಎಳೆ ದಂಟು ಎರಡನ್ನೂ ತೊಳೆದು, ಮುಳುಗುವಷ್ಟು ನೀರಿನಲ್ಲಿ ಅರ್ಧ ಗಂಟೆ ಕುದಿಸಿ. ನೀರು ಗಾಢ ನೇರಳೆ ಆಗುತ್ತದೆ, ಮನೆಯೆಲ್ಲ ಘಮ ಹರಡುತ್ತದೆ. ರಾತ್ರಿಯೇ ಕುದಿಸಿಟ್ಟು ಬೆಳಿಗ್ಗೆ ಸೋಸಿದರೆ ಬಣ್ಣ ಇನ್ನೂ ಚೆನ್ನಾಗಿ ಬಿಡುತ್ತದೆ. ಒಂದು ಕಪ್ ಅಕ್ಕಿಯನ್ನು ಐದಾರು ಕಪ್ ರಸದಲ್ಲಿ ಮೆತ್ತಗೆ ಬೇಯಿಸಿ, ಪೂರ್ತಿ ಬೆಂದ ಮೇಲೆಯೇ ಒಂದು ಕಪ್ ಬೆಲ್ಲ ಹಾಕಿ. ಮೊದಲೇ ಹಾಕಿದರೆ ಅಕ್ಕಿ ಬೇಯದೆ ಬಿರುಸಾಗಿ ಉಳಿಯುತ್ತದೆ. ಕೊನೆಗೆ ತೆಂಗಿನ ಹಾಲು, ಏಲಕ್ಕಿ, ಚಿಟಿಕೆ ಉಪ್ಪು. ಬೇರೆ ಬಣ್ಣ, ಎಸೆನ್ಸ್ ಏನೂ ಬೇಡ, ದಯವಿಟ್ಟು.

ಪುಟ್ಟು ಬೇಕಾದರೆ ಅಕ್ಕಿ ತರಿಯನ್ನು ಅದೇ ರಸದಲ್ಲಿ ಗಟ್ಟಿಯಾಗುವವರೆಗೆ ಬೇಯಿಸಿ, ತಟ್ಟೆಗೆ ಹರಡಿ ಹಬೆಯಲ್ಲಿಡಿ. ತುಪ್ಪ, ಜೇನು, ಕಾಯಿತುರಿ ಜೊತೆಗೆ ತಿನ್ನಿ. ಎಷ್ಟೋ ಮನೆಗಳಲ್ಲಿ ಅವತ್ತು ನಾಟಿ ಕೋಳಿ ಸಾರೂ ಇರುತ್ತದೆ. ಮರುದಿನ ಮೂತ್ರ ಕೆಂಪಾದರೆ ಗಾಬರಿ ಬೇಡ, ಅದು ಸೊಪ್ಪಿನ ಬಣ್ಣ. ಮನೆಗೆ ಬಂದ ನೆಂಟರಿಗೆ ಮಾತ್ರ ಇದನ್ನು ಮೊದಲೇ ಹೇಳಿಬಿಡಿ.

ಕಕ್ಕಡ ಮುಗಿದರೆ ಸೆಪ್ಟೆಂಬರ್ 3ಕ್ಕೆ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್, ಅವತ್ತು ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿ ಕರಿ (ಹಂದಿ ಮಾಂಸದ ಸಾರು). ಪಂದಿ ಕರಿಗೆ ಕಾಚಂಪುಳಿ ಎಂಬ ಹುಳಿ ಇಲ್ಲದೆ ಆಗುವುದಿಲ್ಲ. ಅದರ ಹಣ್ಣು ಆಗುವುದೂ ಈ ಮಳೆಯಲ್ಲೇ. ರಸ ಇಳಿಸಿ ಕಪ್ಪಗೆ ಕುದಿಸಿಡುವವರು ನಿಮ್ಮ ಊರಿನಲ್ಲಿ ಇದ್ದರೆ ಈಗಲೇ ಒಂದು ಬಾಟಲಿಗೆ ಹೇಳಿಡಿ.