ಕಾರ್ಡು, ಡಬ್ಬ, ಒಂದು ಸುಳ್ಳು ಪೋಸ್ಟರ್: ಎಚ್‌ಐವಿ ಪ್ರಚಾರ ಅಳೆದ ನನ್ನ ಅನುಭವ

ಮನೆಮನೆ ಸಮೀಕ್ಷೆಯಲ್ಲಿ ಹತ್ತರಲ್ಲಿ ಒಂಬತ್ತು ಜನ "ಪ್ರತಿ ಸಲ ಕಾಂಡೋಮ್ ಬಳಸ್ತೀವಿ" ಅಂದರು. ಪ್ರಚಾರಕ್ಕೆ ದುಡ್ಡು ಕೊಟ್ಟವರಿಗೆ ಖುಷಿಯೋ ಖುಷಿ. ನನಗೆ ನಂಬಿಕೆ ಬರಲಿಲ್ಲ. ಎದುರಿಗೆ ಕೂತು ಕೇಳಿದರೆ ಯಾರು ತಾನೇ ಇಲ್ಲ ಅಂತಾರೆ? ಬಜೆಟ್ಟಿನ ಮುಕ್ಕಾಲು ಪಾಲು ಪ್ರಶ್ನೆ ಕೇಳುವವರ ಸಂಬಳಕ್ಕೇ ಹೋಗಿತ್ತು.

ಎಚ್‌ಐವಿ ಪರೀಕ್ಷಾ ಕೇಂದ್ರದ ರಿಜಿಸ್ಟರನ್ನೂ ನೆಚ್ಚಿಕೊಳ್ಳೋ ಹಾಗಿಲ್ಲ. ಡಿಸೆಂಬರ್ 1ರ ಏಡ್ಸ್ ದಿನದ ಸುತ್ತ ಶಿಬಿರಗಳು ಜಾಸ್ತಿ, ಸಂಖ್ಯೆ ತಾನಾಗಿ ಏರುತ್ತದೆ. ನವೆಂಬರಿನ ಪಕ್ಕ ಡಿಸೆಂಬರ್ ಇಟ್ಟರೆ ಎಂಥ ಪ್ರಚಾರವೂ ಗೆದ್ದ ಹಾಗೇ ಕಾಣುತ್ತದೆ. ಮೊದಲ ಸಲ ಬಂದವರನ್ನು ಬೇರೆ ಎಣಿಸಿದಾಗ ಏರಿಕೆ ಅರ್ಧಕ್ಕರ್ಧ ಕರಗಿತು. ಬಂದವರೇ ಮತ್ತೆ ಬಂದಿದ್ದರು. ಹಾಗಾಗಿ ಮುಂದಿನ ಸುತ್ತಿನಲ್ಲಿ ಎಲ್ಲ ಕಡೆ ಒಟ್ಟಿಗೆ ಶುರು ಮಾಡಲಿಲ್ಲ. ಚೀಟಿ ಎತ್ತಿ ಒಂದೊಂದು ಪ್ರದೇಶಕ್ಕೆ ಒಂದೊಂದು ತಿಂಗಳು ಕೊಟ್ಟೆವು. ಪ್ರಚಾರ ಇನ್ನೂ ತಲುಪದ ಜಾಗಗಳೇ ಹೋಲಿಕೆಗೆ ಸಿಕ್ಕವು.

ನಡವಳಿಕೆ ತಿಳಿಯೋಕೆ ಮತಗಟ್ಟೆ ಸಮೀಕ್ಷೆ ಹಿಡಿದೆ, ಅಂದರೆ ಮತ ಹಾಕಿದ ಹಾಗೆ ಹೆಸರಿಲ್ಲದೆ ಗುಟ್ಟಾಗಿ ಉತ್ತರ ಕೊಡೋದು. "ಯಾರು ಏನು ಹೇಳಿದರು ಅಂತಲೇ ಗೊತ್ತಾಗಲ್ಲ, ಅದೆಂಥ ಡೇಟಾ?" ಅಂತ ಜೊತೆಯವರು ನಕ್ಕರು. ಹತ್ತು-ಹನ್ನೆರಡು ಜನರ ಗುಂಪು, ಅಡ್ಡ ಪರದೆ, ನಂಬರ್ ಹಾಕಿದ ಕಾರ್ಡು, ಹೌದು-ಇಲ್ಲ-ಅನ್ವಯಿಸಲ್ಲ ಅನ್ನೋ ಮೂರು ಡಬ್ಬ. ಪ್ರಶ್ನೆ ಓದಿದಾಗ ಪ್ರತಿಯೊಬ್ಬರೂ ಪರದೆಯ ಹಿಂದೆ ಆ ಪ್ರಶ್ನೆಯ ನಂಬರಿನ ಕಾರ್ಡನ್ನು ತಮ್ಮ ಉತ್ತರದ ಡಬ್ಬಕ್ಕೆ ಹಾಕ್ತಾರೆ. ತೊಂದರೆ ಕೊಟ್ಟಿದ್ದು ಸದ್ದು. ತಗಡಿನ ಡಬ್ಬಕ್ಕೆ ಕಾರ್ಡು ಬಿದ್ದರೆ ಟಪ್ ಅನ್ನುತ್ತದೆ. ಎಡಗಡೆಯೋ ಬಲಗಡೆಯೋ ಅಂತ ಪಕ್ಕದವರಿಗೆ ತಿಳಿದುಬಿಡುತ್ತದೆ. ತಳಕ್ಕೆ ಸ್ಪಂಜು ಹಾಕಿದ್ದೇ ತಡ, 'ಇಲ್ಲ' ಡಬ್ಬ ತುಂಬತೊಡಗಿತು. ಒಂಬತ್ತು ಇದ್ದದ್ದು ಸುಮಾರು ಆರಕ್ಕೆ ಇಳಿಯಿತು. ಖರ್ಚು ಹಳೆಯದರ ಮೂರನೇ ಒಂದು ಭಾಗವೂ ಆಗಲಿಲ್ಲ. ನಕ್ಕವರೇ ಈಗ ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳ್ತೀರಿ ಅಂತ ವಿಚಾರಿಸುತ್ತಾರೆ. ಅದನ್ನು ಸದ್ಯಕ್ಕೆ ಬಿಟ್ಟುಕೊಡಲ್ಲ.

ಸುಮ್ನೆ ಕುತೂಹಲಕ್ಕೆ ಇನ್ನೊಂದು ಮಾಡಿದೆ. ಎಲ್ಲೂ ಅಂಟಿಸದ ಪೋಸ್ಟರೊಂದನ್ನು ನಿಜವಾದವುಗಳ ಜೊತೆ ಸೇರಿಸಿ ತೋರಿಸಿದೆ. ಹೆಚ್ಚುಕಮ್ಮಿ ಐದರಲ್ಲಿ ಒಬ್ಬರು "ಹೂಂ, ನೋಡಿದ್ದೀನಿ" ಅಂದರು! ಅಷ್ಟನ್ನು ಕಳೆದೇ ಈಗ ಲೆಕ್ಕ ಹಾಕೋದು.

"ಎಚ್‌ಐವಿ ಹೇಗೆ ಹರಡುತ್ತದೆ" ಅನ್ನೋ ಪ್ರಶ್ನೆಯನ್ನೂ ಕೈಬಿಟ್ಟೆ. ಅದು ಬಾಯಿಪಾಠ. ಬದಲಿಗೆ, ಸೋಂಕು ತಗುಲಿರಬಹುದು ಅಂತ ಅನುಮಾನ ಬಂದರೆ ತಡೆಯುವ ಮಾತ್ರೆಯನ್ನು ಎಷ್ಟು ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ದಿನ ನುಂಗಬೇಕು ಅಂತ ಕೇಳ್ತೀನಿ. ಇದಕ್ಕೆ ಪರದೆ ಬೇಕಿಲ್ಲ. 72 ಗಂಟೆ, 28 ದಿನ ಅಂತ ಸರಿಯಾಗಿ ಹೇಳಿದವರು ಪ್ರಚಾರ ನಡೆದ ಕಡೆ ಹೆಚ್ಚುಕಮ್ಮಿ ದುಪ್ಪಟ್ಟು. ಕಾಂಡೋಮ್ ಡಬ್ಬದಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಇನ್ನೂ ಕಂಡಿಲ್ಲ.