ಚಂಬಲ್ ಮರಳಿನಲ್ಲಿ ಆಮೆ ಮೊಟ್ಟೆ ಹುಡುಕಿದ ಅನುಭವ

ಚಂಬಲ್ ನದಿಯ ಕೆಂಪು ನೆತ್ತಿಯ ಆಮೆಯ ಫೋಟೋ ನೀವು ನೋಡಿರಬಹುದು. ಬೆದೆಗೆ ಬಂದ ಗಂಡಿನ ತಲೆ ಕೆಂಪಾಗಿ, ಕುತ್ತಿಗೆ ಮೇಲೆ ಕೆಂಪು, ಹಳದಿ ಪಟ್ಟೆ ಎದ್ದು ಕಾಣುತ್ತದೆ. ಹೆಣ್ಣಿಗೆ ಆ ಬಣ್ಣ ಇಲ್ಲ. ಆದರೆ ಗಾತ್ರದಲ್ಲಿ ಗಂಡಿಗಿಂತ ಬಹಳ ದೊಡ್ಡದು, ಚಿಪ್ಪೇ ಅರ್ಧ ಮೀಟರ್ ದಾಟುತ್ತದೆ. ಒಂದು ಕಾಲಕ್ಕೆ ಇದು ಗಂಗೆಯ ಉದ್ದಕ್ಕೂ ಇತ್ತು. ಈಗ ನೆಚ್ಚಿಕೊಳ್ಳುವಷ್ಟು ಸಂಖ್ಯೆಯಲ್ಲಿ ಉಳಿದಿರುವುದು ಚಂಬಲ್‌ನಲ್ಲಿ ಮಾತ್ರ. ಮೊಟ್ಟೆ ಇಡುವ ಹೆಣ್ಣುಗಳು 500ಕ್ಕಿಂತ ಕಡಿಮೆ ಅಂತ ಅಂದಾಜು.

ನಾನು ಅಲ್ಲಿ ಮಾಡಿದ್ದು ಗೂಡು ಹುಡುಕಿ ಮೊಟ್ಟೆಯನ್ನು ಹ್ಯಾಚರಿಗೆ, ಅಂದರೆ ಕಾಪಾಡಿ ಮರಿ ಮಾಡಿಸುವ ಜಾಗಕ್ಕೆ, ಸಾಗಿಸುವ ಕೆಲಸ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಮೊಟ್ಟೆಯನ್ನೂ ಮುಟ್ಟುವ ಹಾಗಿಲ್ಲ, ಅದು ಮೊದಲೇ ಗೊತ್ತಿರಲಿ.

ಹೆಣ್ಣಾಮೆ ಮಾರ್ಚ್, ಏಪ್ರಿಲ್‌ನಲ್ಲಿ ಮರಳ ದಿಬ್ಬ ಹತ್ತಿ ಮೊಟ್ಟೆ ಇಡುತ್ತದೆ, ಹೆಚ್ಚಾಗಿ ರಾತ್ರಿ ಹೊತ್ತು. ಹಾಗಾಗಿ ನಮ್ಮ ಕೆಲಸ ಬೆಳಕು ಹರಿಯುವಾಗಲೇ ಶುರು. ತಡವಾದರೆ ಗಾಳಿ ಹೆಜ್ಜೆ ಗುರುತು ಅಳಿಸಿಬಿಡುತ್ತದೆ. ಇಲ್ಲವೇ ನಮಗಿಂತ ಮೊದಲು ನರಿ ಬಂದು ಹೋಗಿರುತ್ತದೆ. ನೀರಿನಿಂದ ಮೇಲೆ ಬಂದ ಜಾಡು ಎಲ್ಲಿ ತಿರುಗಿ ಮತ್ತೆ ನೀರಿಗೆ ಇಳಿದಿದೆಯೋ ಅಲ್ಲೇ ಸುತ್ತಮುತ್ತ ಗೂಡು. ನಮ್ಮ ಜೊತೆಗಿದ್ದ ಊರಿನ ಚಾಚಾ ಒಂದು ತೆಳ್ಳನೆ ಕಡ್ಡಿಯನ್ನು ಮರಳಿಗೆ ಮೆಲ್ಲಗೆ ಒತ್ತುತ್ತಾ ಹೋಗುತ್ತಿದ್ದರು. ಗಟ್ಟಿ ಮರಳು ಕಡ್ಡಿಯನ್ನು ತಡೆಯುತ್ತದೆ, ಆಮೆ ಅಗೆದು ಮುಚ್ಚಿದ ಜಾಗ ಸಡಿಲವಾಗಿ ಒಳಗೆ ಬಿಡುತ್ತದೆ. ಬಿಟ್ಟ ಕ್ಷಣವೇ ಕೈ ನಿಲ್ಲಬೇಕು, ಇಲ್ಲದಿದ್ದರೆ ಮೊಟ್ಟೆಗೆ ತೂತು. ಇದು ಪುಸ್ತಕ ಓದಿ ಬರುವ ವಿದ್ಯೆ ಅಲ್ಲ.

ಅಲ್ಲಿಂದ ಮುಂದೆ ಬರೀ ಕೈಯಲ್ಲಿ ತೋಡುವುದು. ಮೊಟ್ಟೆ ಕಂಡ ತಕ್ಷಣ ಎತ್ತುವ ಹಾಗಿಲ್ಲ. ಮೊದಲು ಮೇಲ್ಭಾಗಕ್ಕೆ ಪೆನ್ಸಿಲ್‌ನಿಂದ ಒಂದು ಗುರುತು. ಇಟ್ಟ ಒಂದು ದಿನದೊಳಗೆ ಭ್ರೂಣ ಮೊಟ್ಟೆಯ ಮೇಲಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಮಗುಚಿದರೆ ಅದು ಸಾಯಬಹುದು. ಕೋಳಿ ತನ್ನ ಮೊಟ್ಟೆಯನ್ನು ಆಗಾಗ ಹೊರಳಿಸುತ್ತದಲ್ಲ, ಇಲ್ಲಿ ಪೂರ್ತಿ ಉಲ್ಟಾ. ಬಕೆಟ್‌ನಲ್ಲಿ ಅದೇ ಗೂಡಿನ ಒದ್ದೆ ಮರಳು ಹಾಸಿ, ಗುರುತು ಮೇಲೆ ಇರುವಂತೆ ಜೋಡಿಸಿ, ಬಿಸಿಲೇರುವ ಮುಂಚೆ ಹ್ಯಾಚರಿ ಸೇರಿಸಬೇಕು.

ಹ್ಯಾಚರಿ ಅಂದರೆ ದೊಡ್ಡ ಕಟ್ಟಡ ಏನಲ್ಲ. ನದಿ ದಂಡೆಯಲ್ಲೇ ಬೇಲಿ ಹಾಕಿದ ಮರಳು, ಮೇಲೆ ಬಲೆ. ಮೂಲ ಗೂಡು ಎಷ್ಟು ಆಳ ಇತ್ತೋ ಅಷ್ಟೇ ಆಳಕ್ಕೆ ಗುಂಡಿ. ಬಿಸಿಲು ಜಾಸ್ತಿ ಅಂತ ಸುಮ್ನೆ ನೆರಳು ಕಟ್ಟಬಾರದು. ಬಹಳಷ್ಟು ಆಮೆಗಳಲ್ಲಿ ಮರಿ ಹೆಣ್ಣೋ ಗಂಡೋ ಅನ್ನುವುದನ್ನು ಗೂಡಿನ ಬಿಸಿಯೇ ತೀರ್ಮಾನಿಸುತ್ತದೆ. ಒಂದೇ ಹದದಲ್ಲಿ ಎಲ್ಲ ಗುಂಡಿ ಮಾಡಿದರೆ ಒಂದೇ ಲಿಂಗದ ಮರಿಗಳು ತುಂಬಿಕೊಳ್ಳಬಹುದು.

ಇಷ್ಟೆಲ್ಲ ಮಾಡಿದ ಮೇಲೂ ನನ್ನ ಅಭಿಪ್ರಾಯ: ಸಾಧ್ಯವಿದ್ದರೆ ಗೂಡನ್ನು ಇದ್ದಲ್ಲೇ ಬಿಡಿ. ಮೇಲೆ ಕಬ್ಬಿಣದ ಜಾಲರಿ ಮುಚ್ಚಿ, ಅಂಚನ್ನು ಮರಳಲ್ಲಿ ಹೂತರೆ ನರಿ, ಉಡದ ಕಾಟ ತಪ್ಪುತ್ತದೆ. ಮರಳು ತೆಗೆಯುವ ಟ್ರ್ಯಾಕ್ಟರ್ ಓಡಾಡುವ ದಂಡೆ, ಕಲ್ಲಂಗಡಿ, ಸೌತೆ ಹಾಕುವ ದಂಡೆ, ಅಣೆಕಟ್ಟೆಯಿಂದ ನೀರು ಬಿಟ್ಟಾಗ ಮುಳುಗುವ ತಗ್ಗು ಜಾಗ, ಇಂಥ ಕಡೆ ಮಾತ್ರ ಸಾಗಿಸುವುದು ಸರಿ.

ಮಳೆಗೆ ಮುಂಚೆ ಮರಿಗಳು ಹೊರಬರುತ್ತವೆ. ಯಾವ ದಂಡೆಯ ಮೊಟ್ಟೆಯೋ ಅದೇ ದಂಡೆಗೆ ಒಯ್ದು ಬಿಡುತ್ತಿದ್ದೆವು, ಅದಕ್ಕೇ ಪ್ರತಿ ಗುಂಡಿಗೂ ಚೀಟಿ ಬೇಕು. ಮರಿ ಬಿಡುವ ದಿನ ಫೋಟೋಗೆ ಎಲ್ಲರೂ ಬರುತ್ತಾರೆ. ಮೀನಿನ ಬಲೆಯ ವಿಷಯ ಮಾತಾಡುವ ದಿನ ಯಾರೂ ಇರುವುದಿಲ್ಲ! ಆಮೆ ಉಸಿರಾಡಲು ನೀರಿನ ಮೇಲೆ ಬರಲೇಬೇಕು. ಬಲೆಗೆ ಸಿಕ್ಕರೆ ಮುಳುಗಿ ಸಾಯುತ್ತದೆ. ಮೊಟ್ಟೆ ಇಡುವ ಒಂದು ಹೆಣ್ಣು ಹೋದರೆ ಮುಂದಿನ ಎಷ್ಟೋ ವರ್ಷದ ಗೂಡುಗಳೂ ಹೋದವು.

ನಮ್ಮ ತುಂಗಭದ್ರೆ, ಕಾವೇರಿಯಲ್ಲೂ ಅಳಿವಿನಂಚಿನ ಮೆದು ಚಿಪ್ಪಿನ ಆಮೆ ಇದೆ. ಅದರ ಮೊಟ್ಟೆ ಚೆಂಡಿನ ಹಾಗೆ ಗುಂಡಗೆ. ಚಂಬಲ್‌ನ ಉದ್ದನೆ ಮೊಟ್ಟೆ ಹೇಗೆ ಮಲಗಿತ್ತು ಅಂತ ಸ್ವಲ್ಪವಾದರೂ ಊಹಿಸಬಹುದು. ಗುಂಡು ಮೊಟ್ಟೆಯಲ್ಲಿ ಆ ಸುಳಿವೂ ಇರುವುದಿಲ್ಲ. ಅಲ್ಲಿ ಕೆಲಸ ಮಾಡುವವರು ಪೆನ್ಸಿಲನ್ನು ಕಿವಿ ಮೇಲೆ ಸಿಕ್ಕಿಸಿಕೊಂಡೇ ತೋಡಲಿ.